ಎಂಟು ಕಿಲೋ ಹಿಮಾಲಯ

"ಎಂಟು ಕಿಲೋ. ಅದರ ಮ್ಯಾಲೆ ಒಂದು ಗ್ರಾಂ ಹೆಚ್ಚಾದ್ರೂ ನನ್ನ ಹೆಸರು ಬೀರಲಿಂಗೇಶ ಅಲ್ಲ."

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಹರಪನಹಳ್ಳಿಯ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಬೀರಲಿಂಗೇಶ್ ಮೇಷ್ಟ್ರು ಹೀಗೆ ಶಪಥ ಮಾಡಿದಾಗ ಕೇಳಿಸಿಕೊಂಡವರು ಇಬ್ಬರೇ. ಹೆಂಡತಿ ರೇಣುಕಾ ಚಿಗಟೇರಿ ಬಸ್ಸಿಗೆ ಹೊತ್ತಾಯಿತೆಂದು ಒಂದು ಕೈಯಲ್ಲಿ ಬುತ್ತಿ ಕಟ್ಟುತ್ತ ಇನ್ನೊಂದು ಕೈಯಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ತಾಯಿ ಭರಮಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಯಾರಿಗೆ ಎಂಟು ಕಿಲೋ? ಯಾರ ಮನ್ಯಾಗ ಕೂಸು ಹುಟ್ಟೈತಿ?" ಅಂದಳು ಭರಮಮ್ಮ.

"ಕೂಸಲ್ಲವ್ವ, ಚೀಲ. ಹಿಮಾಲಯಕ್ಕ ಹೋಗೋ ಚೀಲ."

ದಾವಣಗೆರೆಯ ಚಾರಣ ಬಳಗವೊಂದು ಮೇ ತಿಂಗಳಲ್ಲಿ ಹನ್ನೆರಡು ಜನರನ್ನು ಉತ್ತರಾಖಂಡಕ್ಕೆ ಕರೆದೊಯ್ಯುವುದಿತ್ತು. ಐದು ದಿನ ನಡಿಗೆ, ಮಲಗುವುದು ಗುಡಾರದಲ್ಲಿ, ತುದಿಯಲ್ಲಿ ಹಿಮ. ಕೂಲಿಯವರಿಲ್ಲ, ಹೇಸರಗತ್ತೆ ಇಲ್ಲ. ಅವರವರ ಚೀಲ ಅವರವರೇ ಹೊರಬೇಕು. ಚೀಲ ಹತ್ತು ಕಿಲೋ ಮೀರಬಾರದೆಂದು ಬಳಗದ ಮುಂದಾಳು ಪ್ರವೀಣಕುಮಾರ್ ವಾಟ್ಸಾಪಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಮಂದಿಗೆ ಹತ್ತಾದರೆ ತಮಗೆ ಎಂಟು ಎಂದು ಮೇಷ್ಟ್ರು ಅಲ್ಲೇ ತೀರ್ಮಾನಿಸಿಬಿಟ್ಟರು.

ಮೇಷ್ಟ್ರದ್ದು ಭೂಗೋಳ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಹಿಮಾಲಯ ಹತ್ತಿಸಿ ಇಳಿಸಿದ್ದರು, ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಅವರು ಏರಿದ ಅತಿ ಎತ್ತರದ ಜಾಗವೆಂದರೆ ಉಚ್ಚಂಗಿದುರ್ಗದ ಕೋಟೆ. ತರಗತಿಯ ನಕಾಶೆಯಲ್ಲಿ ಅವರ ಕೋಲಿನ ತುದಿ ತಾಗಿ ತಾಗಿ ಹಿಮಾಲಯದ ನೆತ್ತಿ ಸವೆದು, ಒಳಗಿನ ಬಟ್ಟೆ ಬೆಳ್ಳಗೆ ಕಾಣುತ್ತಿತ್ತು. ಹೋದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಹಿಮ ಮುಟ್ಟಿದ್ರ ಕೈಗೆ ಅಂಟ್ತೈತೋ, ಜಾರ್ತೈತೋ?" ಎಂದು ಕೇಳಿದ್ದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದಿದ್ದರು ಮೇಷ್ಟ್ರು. ಆ ದಿನ ಮನೆಗೆ ಬಂದ ಮೇಷ್ಟ್ರು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಚಾರಣಕ್ಕೆ ಹೆಸರು ಬರೆಸಿದ್ದು ಆಮೇಲೆ.

ಮೊದಲ ಸಲ ತುಂಬಿದ ಚೀಲವನ್ನು ಓಣಿಯ ಸೋಮಶೇಖರನ ಕಿರಾಣಿ ಅಂಗಡಿಗೆ ಹೊತ್ತೊಯ್ದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಕೂರಿಸಿದರು. ಕೆಂಪು ಅಂಕಿಗಳು ಓಡಿ ಓಡಿ ಹದಿನೇಳು ಕಿಲೋ ನಾಲ್ಕುನೂರು ಗ್ರಾಮಿಗೆ ನಿಂತವು.

"ಇದರಾಗ ಏನೈತ್ರಿ ಸರ್, ಹಿಮಾಲಯ ಈಗ್ಲೇ ತುಂಬಿಕೊಂಡೀರೇನು?" ಅಂದ ಸೋಮಶೇಖರ.

ಮನೆಗೆ ಬಂದು ಎಲ್ಲವನ್ನೂ ಚಾಪೆಯ ಮೇಲೆ ಹರವಿದರು. ಸಂಜೆ ಕೆಲಸದಿಂದ ಬಂದ ರೇಣುಕಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅವಳು ಚಿಗಟೇರಿ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ದಿನಕ್ಕೆ ಏಳೆಂಟು ಕಿಲೋಮೀಟರು ನಡೆಯುವವಳು.

"ಈ ದಪ್ಪ ಪುಸ್ತಕ ಏನ್ರಿ?"

"ಅಟ್ಲಾಸ್. ಅಲ್ಲಿ ಯಾವ ಶಿಖರ ಯಾವುದು ಅಂತ ನೋಡಾಕ ಬೇಕಲ್ಲ?"

"ಅಲ್ಲಿ ಶಿಖರಾನ ಇರ್ತಾವಲ್ರೀ ನೋಡಾಕ."

ಮೇಷ್ಟ್ರು ಅಟ್ಲಾಸನ್ನು ಕಪಾಟಿಗೆ ಸೇರಿಸಿದರು. ಒಂದು ಕಿಲೋ ಮುನ್ನೂರು ಗ್ರಾಂ ಇಳಿಯಿತು, ಮುಖವೂ ಅಷ್ಟೇ ಇಳಿಯಿತು. ಇಸ್ತ್ರಿ ಮಾಡಿದ ಎರಡು ಪ್ಯಾಂಟು, ಹಿತ್ತಾಳೆ ಚೊಂಬು, ಪುಟ್ಟ ರೇಡಿಯೋ ಒಂದೊಂದಾಗಿ ಹೊರಗೆ ಬಂದವು. ಭರಮಮ್ಮ ಎಲ್ಲವನ್ನೂ ಎಣಿಸಿ ನೋಡಿ, "ನಿಮ್ಮಪ್ಪ ಕುರಿ ಹಿಂದ ಹೋದ್ರ ಆರು ತಿಂಗಳು ಮನಿ ಕಡಿಗೆ ಬರ್ತಿದ್ದಿಲ್ಲ. ಹೆಗಲ ಮ್ಯಾಲೆ ಒಂದು ಕಂಬಳಿ, ಅಷ್ಟೇ. ಮಳಿ ಬಂದ್ರ ಅದಾ ಮನಿ, ಚಳಿ ಬಂದ್ರ ಅದಾ ಹಾಸಿಗಿ" ಅಂದಳು.

"ಅವ್ವ, ಆ ಕಂಬಳಿ ಒಂದಾ ಮೂರು ಕಿಲೋ ತೂಗ್ತಿತ್ತು."

"ಅದನ್ನ ಯಾರು ತೂಗಿದ್ರಪ್ಪ?" ಅಂದಳು ಭರಮಮ್ಮ.

ಹನ್ನೊಂದು ಕಿಲೋಗೆ ಇಳಿದ ಮೇಲೆ ಚೀಲ ಹಟ ಹಿಡಿದು ಕೂತಿತು. ಅಲ್ಲಿಂದ ಮುಂದಿನದು ಗ್ರಾಂ ಗ್ರಾಮಿನ ಮಹಾಯುದ್ಧ. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ಕೊಯ್ದರು. ಟವೆಲನ್ನು ಎರಡು ಸೀಳು ಮಾಡಿದರು. ಅಂಗಿಯ ಲೇಬಲ್ಲುಗಳನ್ನು ಬ್ಲೇಡಿನಿಂದ ಬಿಡಿಸಿದರು. ಮಾತ್ರೆ ಹಾಳೆಗಳ ಅಂಚನ್ನು ಕತ್ತರಿಸಿ ಎಸೆದಾಗ ರೇಣುಕಾಗೆ ನಿಜಕ್ಕೂ ಸಿಟ್ಟು ಬಂತು. "ಯಾವ ಗುಳಿಗಿ, ಯಾವಾಗಿಂದು ಅಂತ ಬರದಿದ್ದು ಅಂಚಿನ ಮ್ಯಾಲೇ. ಈಗ ಜ್ವರದ್ದು ಯಾವುದು, ಭೇದಿದು ಯಾವುದು, ಹೇಳ್ರಿ ನೋಡೋಣ." ಮೇಷ್ಟ್ರು ಮಾರನೆಯ ದಿನ ತಲೆ ನುಣ್ಣಗೆ ಬೋಳಿಸಿಕೊಂಡು ಬಂದರು.

"ಇದೇನ್ರಿ, ತಿರುಪತಿಗೆ ಯಾವಾಗ ಹೋಗಿದ್ರಿ?"

"ತೂಕ ಇಳಿಸಾಕ."

"ಅದು ಚೀಲದಾಗಿನ ತೂಕ ಅಲ್ಲಲ್ಲ?"

"ತಲಿನೂ ನಾನಾ ಹೊರಬೇಕಲ್ಲ" ಅಂದರು ಮೇಷ್ಟ್ರು.

ನಿಜವಾದ ಅನಾಹುತ ಲಾಡಿಯಿಂದ ಶುರುವಾಯಿತು. ಗುಡಾರದಲ್ಲಿ ಒದ್ದೆ ಬಟ್ಟೆ ಒಣಹಾಕಲು ಹಗ್ಗ ಬೇಕು. ಪೇಟೆಯ ನೈಲಾನ್ ಹಗ್ಗ ಎಂಬತ್ತು ಗ್ರಾಂ. ಮೇಷ್ಟ್ರು ಯೋಚಿಸಿ ಯೋಚಿಸಿ, ಒಗೆದು ಮಡಚಿಟ್ಟ ಬಟ್ಟೆಯಲ್ಲಿ ಮೆತ್ತನೆಯ, ಗಟ್ಟಿಯಾದ, ಹತ್ತೇ ಗ್ರಾಮಿನ ಹಗ್ಗವೊಂದನ್ನು ಕಂಡುಹಿಡಿದರು. ರೇಣುಕಾಳ ಲಂಗದ ಲಾಡಿ. ಮೂರು ಲಂಗದಿಂದ ಮೂರು ಎಳೆದು, ಗಂಟು ಹಾಕಿ, ಸುತ್ತಿ ಚೀಲದೊಳಗಿಟ್ಟರು. ಮರುದಿನ ಲಸಿಕೆ ಹಾಕುವ ದಿನ. ಬೆಳಗ್ಗೆ ಎಂಟಕ್ಕೆ ಒಳಕೋಣೆಯಿಂದ "ರೀ" ಎಂಬ ಒಂದೇ ಅಕ್ಷರ ಹೊರಗೆ ಬಂತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಅಕ್ಷರವನ್ನು ಮೇಷ್ಟ್ರು ಆ ದನಿಯಲ್ಲಿ ಕೇಳಿರಲಿಲ್ಲ. ಗಂಟು ಬಿಚ್ಚಲು ಬರಲಿಲ್ಲ, ಬಸ್ಸು ಹೋಯಿತು. ಕೊನೆಗೆ ರೇಣುಕಾ ಗಾಯಕ್ಕೆ ಸುತ್ತುವ ಬ್ಯಾಂಡೇಜನ್ನು ಲಂಗಕ್ಕೆ ಪೋಣಿಸಿಕೊಂಡು, ಆಟೋ ಹಿಡಿದು ಸರ್ಕಾರಿ ಸೇವೆಗೆ ಹೊರಟಳು.

ಅದೇ ಹೊತ್ತಿಗೆ ಸೋಮಶೇಖರನ ತಾಳ್ಮೆಯೂ ಹರಿಯಿತು. "ಸರ್, ಗಿರಾಕಿಗಳು ಸಕ್ಕರಿ ತೂಗಿಸ್ಕೊಳ್ಳಾಕ ನಿಮ್ಮ ಬನಿಯನ್ ತೂಗಿ ಮುಗಿಯೋ ತನಕ ಕಾಯ್ತಾರ. ಇವತ್ತಿಗೆ ಸಾಕು ಮಾಡ್ರಿ." ಆ ಕೊನೆಯ ತೂಕದಲ್ಲಿ ಕೆಂಪು ಅಂಕಿ ಸರಿಯಾಗಿ ಎಂಟು ಕಿಲೋ ತೋರಿಸಿತು. ಮೇಷ್ಟ್ರು ಚೀಲವನ್ನು ಗೆದ್ದ ಟಗರಿನಂತೆ ಓಣಿಯ ತುಂಬ ಮೆರೆಸಿಕೊಂಡು ಬಂದರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ದಿನ ಮಧ್ಯಾಹ್ನ ರೇಣುಕಾಳ ತಮ್ಮ ರಾಮಾಂಜಿನಿ ಬಂದ. ಕುರಿ ಸಾಕುವವನು, ಮರಿಗಳನ್ನು ಸಂತೆಗೆ ಒಯ್ಯುವ ಮೊದಲು ತೂಗಲು ಗಡಿಯಾರದಂತೆ ದುಂಡು ಮುಖದ ತೂಗುತಕ್ಕಡಿ ಇಟ್ಟಿದ್ದ. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ನಡುವೆ ಮುಳ್ಳು. ಅವನ ಕೈಯಲ್ಲಿ ಅದನ್ನು ಕಂಡದ್ದೇ ಮೇಷ್ಟ್ರು ಖುಷಿಗೆ ಚೀಲ ನೇತುಹಾಕಿದರು. ಮುಳ್ಳು ಒಂಬತ್ತೂವರೆಗೆ ಹೋಗಿ ನಿಂತಿತು.

"ಮಾವ, ಇದರಾಗ ಟಗರು ತೂಗ್ತೀವಿ. ಒಂದೆರಡು ಕಿಲೋ ಆಕಡಿ ಈಕಡಿ ಆಗ್ತೈತಿ" ಅಂದ ರಾಮಾಂಜಿನಿ. ತಕ್ಕಡಿಯನ್ನು ಅಲ್ಲೇ ಬಿಟ್ಟು ಪೇಟೆಗೆ ಹೋದ.

ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿ ಸುಳ್ಳೋ, ಟಗರಿನ ತಕ್ಕಡಿ ಸುಳ್ಳೋ? ಗೊತ್ತಿರುವ ತೂಕವೊಂದನ್ನು ತೂಗಿದರೆ ಬಯಲಾಗುತ್ತದೆ. ಗೊತ್ತಿರುವ ತೂಕ ಯಾವುದು? ಚಾರಣಕ್ಕೆಂದು ಮಾಡಿಸಿದ್ದ ವೈದ್ಯರ ಸರ್ಟಿಫಿಕೇಟಿನಲ್ಲೇ ಬರೆದಿತ್ತು: ಎಪ್ಪತ್ತೊಂದು ಕಿಲೋ, ಅಂದರೆ ಸ್ವತಃ ಮೇಷ್ಟ್ರು. ಚೀಲ ಬೆನ್ನಿಗೆ ಹಾಕಿ, ಅದರ ನೆತ್ತಿಯ ಕುಣಿಕೆಯನ್ನು ತಕ್ಕಡಿಗೆ ಸಿಕ್ಕಿಸಿ ಜೋತು ಬಿದ್ದರೆ ಎಪ್ಪತ್ತೊಂಬತ್ತು ತೋರಿಸಬೇಕು. ಈ ಲೆಕ್ಕದಿಂದಲೂ ಯಾವುದು ಸುಳ್ಳೆಂದು ಗೊತ್ತಾಗುವುದಿಲ್ಲವೆಂದು ಆಮೇಲೆ ರೇಣುಕಾ ಬಿಡಿಸಿ ಹೇಳಿದಳು. ಆದರೆ ಅಷ್ಟರಲ್ಲಿ ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು.

ಪಡಸಾಲೆಯ ತೊಲೆಯಲ್ಲಿ ಮಗಳ ತೊಟ್ಟಿಲು ಕಟ್ಟಿದ್ದ ಕಬ್ಬಿಣದ ಕೊಂಡಿ ಹಾಗೇ ಇತ್ತು. ಮಗಳು ಈಗ ದಾವಣಗೆರೆ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಕೊಂಡಿಗೆ ತಕ್ಕಡಿ ಸಿಕ್ಕಿಸಿ, ಮೇಷ್ಟ್ರು ಚೀಲ ಸಮೇತ ಸ್ಟೂಲು ಹತ್ತಿ, ಕುಣಿಕೆ ತೂರಿಸಿ, ಸ್ಟೂಲನ್ನು ಕಾಲಿನಿಂದ ಅತ್ತ ನೂಕಿದರು. ತೂಗಾಡುತ್ತ ಎರಡು ವಿಷಯ ಅರಿವಿಗೆ ಬಂದವು. ಒಂದು, ಸ್ಟೂಲು ಇನ್ನು ಕಾಲಿಗೆ ಎಟುಕುವುದಿಲ್ಲ. ಎರಡು, ಮುಳ್ಳು ತಮ್ಮ ತಲೆಯ ಮೇಲಿದೆ. ಅದನ್ನು ತಾವು ಯಾವ ಕಾಲಕ್ಕೂ ನೋಡಲಾರರು.

"ಅವ್ವ, ಇಲ್ಲಿ ಬಾ."

ಹಿತ್ತಲಿನಿಂದ ಬಂದ ಭರಮಮ್ಮ ಬಾಗಿಲಲ್ಲೇ ನಿಂತಳು. "ಯಾಕಲೇ ಬೀರ್ಯಾ, ಬಾವಲಿ ಹಂಗ ಜೋತು ಬಿದ್ದಿ?"

"ತಲಿ ಮ್ಯಾಲೆ ಗಡಿಯಾರ ಐತಲ್ಲ, ಮುಳ್ಳು ಎಲ್ಲೈತಿ ನೋಡು."

ಭರಮಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಬಾಗ್ಲ ಕಡಿಗೈತಿ."

"ಬಾಗ್ಲ ಅಲ್ಲವ್ವ, ನಂಬರು."

"ನಂಬರು ನನಗೆಲ್ಲಿ ಬರ್ತೈತಿ? ಈಗ ದೇವ್ರ ಕ್ವಾಣಿ ಕಡಿಗೆ ತಿರುಗ್ತು ನೋಡು."

ತಿರುಗುತ್ತಿದ್ದದ್ದು ಮುಳ್ಳಲ್ಲ, ಮೇಷ್ಟ್ರು. ಭರಮಮ್ಮ ಓಣಿಯವರನ್ನು ಕರೆಯಲು ಹೋದಳು. ಅವರು ಬರುವ ಮೊದಲೇ ಎಡಹೆಗಲ ಪಟ್ಟಿ ಬಕಲಿನಿಂದ ಜಾರತೊಡಗಿತು. ಜಾರಿದಾಗ ತಡೆಯಲೆಂದು ಪಟ್ಟಿಯ ಕೊನೆಯಲ್ಲಿ ಮಡಚಿ ಹೊಲಿದ ಗಂಟೊಂದು ಇರುತ್ತದೆ. ಅದನ್ನು ಮೇಷ್ಟ್ರು ನಾಲ್ಕು ದಿನದ ಹಿಂದೆ, ಆರು ಗ್ರಾಂ ಉಳಿಯುತ್ತದೆಂದು ಕೊಯ್ದುಹಾಕಿದ್ದರು.

ರೇಣುಕಾ ಬಂದಾಗ ಮೇಷ್ಟ್ರು ನೆಲದ ಮೇಲೆ, ಚೀಲ ತೊಲೆಯಲ್ಲಿ. ಊದಿದ ಪಾದವನ್ನು ಎರಡು ಕಡೆ ಒತ್ತಿ ನೋಡಿದವಳೇ, "ಮುರದೈತಿ" ಅಂದಳು. ಆಸ್ಪತ್ರೆಯ ಎಕ್ಸ್‌ರೇ ಕೂಡ ಅದನ್ನೇ ಹೇಳಿತು. ಆರು ವಾರ ಪ್ಲಾಸ್ಟರ್. ರೈಲಿಗೆ ಹದಿನೈದು ದಿನ ಉಳಿದಿತ್ತು.

ಆ ಸಂಜೆ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಗಿಸಲು ಬಂದ ರಾಮಾಂಜಿನಿ ಅವರ ಮುಖ ನೋಡಿ ತಕ್ಕಡಿ ಎತ್ತಿಕೊಂಡು ಹೋದ. ಎರಡು ದಿನ ಕಳೆದು ಪ್ರವೀಣಕುಮಾರ್ ಫೋನು ಮಾಡಿದರು. "ಬೇಜಾರ್ ಮಾಡ್ಕಬೇಡಿ ಸರ್. ನಿಮ್ಮ ಜಾಗಕ್ಕೆ ಮನೆಯವರು ಯಾರಾದ್ರೂ ಬರೋದಿದ್ರೆ ರೈಲ್ವೆಯವರು ಟಿಕೆಟ್ ಬದಲಿಸಿ ಕೊಡ್ತಾರೆ."

"ನಮ್ಮ ಮನ್ಯಾಗ ಯಾರು ಬರ್ತಾರ್ರಿ? ಬ್ಯಾರೆಯವರನ್ನ ನೋಡ್ಕೊಳ್ರಿ" ಅಂದು ಮೇಷ್ಟ್ರು ಫೋನಿಟ್ಟರು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. "ನಾ ಹೋಗ್ಲಿ?" ಅಂದಳು ರೇಣುಕಾ.

"ನೀನಾ?"

"ನಾನಾ."

"ನಿನಗೂ ಆಸಿ ಇತ್ತೇನು?"

"ನೀವು ಕೇಳಿದ್ರೇನು?" ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅವಳು ಬಾಗಿಲಿಗೆ ಬಂದಳು. "ಹತ್ತೊಂಬತ್ತು ವರ್ಷ ಆತು, ಉಣ್ಣಾಕ ಕುಂತ್ರ ಹಿಮಾಲಯ, ಎದ್ರ ಹಿಮಾಲಯ. ಕೇಳಿ ಕೇಳಿ ಮನಸಿನಾಗ ನಾನೂ ಎಷ್ಟೋ ಸಲ ಹೋಗಿ ಬಂದೀನ್ರಿ. ನನಗ ರಜಾ ಬೇಕಾದಷ್ಟು ಅದಾವು."

ಮೇಷ್ಟ್ರಿಗೆ ಮೊದಲು ಹೊಟ್ಟೆ ಉರಿಯಿತು. ಆಮೇಲೆ ನಾಚಿಕೆಯಾಯಿತು. ಅಟ್ಲಾಸಿನಿಂದ ಟವೆಲಿನವರೆಗೆ ಎಲ್ಲವನ್ನೂ ಬೇಕೋ ಬೇಡವೋ ಎಂದು ಕೈಯಲ್ಲಿ ಹಿಡಿದು ನೋಡಿದ್ದರು. ಒಂದೇ ಮನೆಯಲ್ಲಿದ್ದ ಇವಳನ್ನು ಬರುತ್ತೀಯಾ ಎಂದು ಒಂದು ಸಲ ಕೇಳಬೇಕೆಂದು ಹೊಳೆದಿರಲಿಲ್ಲ. ಫೋನು ತೆಗೆದುಕೊಂಡು ಪ್ರವೀಣಕುಮಾರ್‌ಗೆ ತಾವೇ ಹಚ್ಚಿದರು.

ರೇಣುಕಾ ಹೊಸ ಚೀಲ ತರಿಸಿಕೊಂಡು ಇಪ್ಪತ್ತು ನಿಮಿಷದಲ್ಲಿ ತುಂಬಿದಳು. ಶೇಂಗಾ ಚಟ್ನಿ ಪುಡಿಯ ಗಂಟು, ಒಣಗಿಸಿ ಗರಿಗರಿಯಾದ ಕಟಕ ರೊಟ್ಟಿಯ ಕಟ್ಟು, ಹೆಸರು ಬರೆದ ಮಾತ್ರೆಗಳು. ಕೊನೆಗೆ ಒಂದೇ ಕೈಯಲ್ಲಿ ಎತ್ತಿ, ಇಳಿಸಿ, "ಆತು" ಅಂದಳು. ಸೋಮಶೇಖರನ ಅಂಗಡಿಗೆ ಒಮ್ಮೆ ಕಳಿಸಲೇ ಎಂದು ಮೇಷ್ಟ್ರು ಅಂಗಲಾಚಿದರು. "ಹೊರಾಕಿ ನಾನಾ ಅಲ್ಲೇನ್ರೀ?" ಅಂದಳು.

ಅವಳು ಹೋದ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ರೈಲಿನಲ್ಲಿದ್ದಷ್ಟು ದಿನ ಫೋನು ಬರುತ್ತಿತ್ತು. ನಡಿಗೆ ಶುರುವಾದ ದಿನ ಬೆಳಗ್ಗೆ, "ಇನ್ನ ಐದು ದಿನ ಸಿಗ್ನಲ್ ಸಿಗಲ್ಲಂತ. ಅವ್ವನ ಬಿಪಿ ಗುಳಿಗಿ ಮರೀಬ್ಯಾಡ್ರಿ" ಅಂದಳು. ಹಿಂದೆ ನೀರು ಭೋರೆನ್ನುವ ಸದ್ದು. ಯಾವ ನದಿ ಎಂದು ಮೇಷ್ಟ್ರು ಕೇಳುವಷ್ಟರಲ್ಲಿ ಕಟ್ಟಾಯಿತು.

ಮೊದಲ ದಿನ ಅವರು ಅಟ್ಲಾಸನ್ನು ತೊಡೆಯ ಮೇಲೆ ಬಿಚ್ಚಿಕೊಂಡು, ಇಷ್ಟೊತ್ತಿಗೆ ಇಲ್ಲಿರಬಹುದು, ಇಷ್ಟೊತ್ತಿಗೆ ಇಲ್ಲಿ ಎಂದು ಬೆರಳು ಸರಿಸಿದರು. ಎರಡನೆಯ ದಿನ ಬೆರಳು ಸರಿಸುತ್ತಿದ್ದಂತೆ ಒಂದು ವಿಚಿತ್ರ ತಿಳಿಯಿತು. ಅವರು ನೋಡುತ್ತಿದ್ದದ್ದು ಶಿಖರವನ್ನಲ್ಲ. ಅವಳ ಕಾಲುಚೀಲ ಒದ್ದೆಯಾಗಿದೆಯೋ ಏನೋ, ರೊಟ್ಟಿ ಸೆಟೆದು ಕಲ್ಲಾಗಿದೆಯೋ ಏನೋ, ಗುಡಾರದಲ್ಲಿ ಪಕ್ಕದಲ್ಲಿ ಮಲಗಿದವರು ಯಾರೋ, ಅವರ ಜೊತೆ ಮಾತಿಗೆ ಕೂತಳೋ ಇಲ್ಲವೋ, ಇದೇ ಚಿಂತೆ. ಅವಳು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ; ಅಲ್ಲಿ ಸೆರಗಿಲ್ಲ, ಜಾಕೆಟ್ಟು. ಏನು ಅಡ್ಡ ಹಿಡಿಯುತ್ತಾಳೋ. ಇಪ್ಪತ್ತೆರಡು ವರ್ಷ ಕಾಡಿದ ಹಿಮಾಲಯ ಈಗ ಇವಳು ನಡೆಯುವ ದಾರಿ ಮಾತ್ರವಾಗಿ ಉಳಿದಿತ್ತು.

ಸಂಜೆ ಆರೂಕಾಲಿಗೆ ಚಿಗಟೇರಿ ಬಸ್ಸು ಓಣಿಯ ತಿರುವಿನಲ್ಲಿ ಹಾರನ್ ಹೊಡೆಯುತ್ತದೆ. ದಿನವೂ ಆ ಹೊತ್ತಿಗೆ ಅವರಿಗೆ ಗೊತ್ತಿಲ್ಲದೆಯೇ ಕತ್ತು ಬಾಗಿಲ ಕಡೆ ತಿರುಗುತ್ತಿತ್ತು. ಇಷ್ಟು ವರ್ಷ ಹೀಗೆಯೇ ತಿರುಗುತ್ತಿತ್ತೋ ಏನೋ. ಅವಳು ಒಳಗೆ ಬಂದುಬಿಡುತ್ತಿದ್ದುದರಿಂದ ಗಮನಿಸಿರಲಿಲ್ಲ. ಈಗ ಬಸ್ಸು ಮುಂದೆ ಹೋಗುತ್ತಿತ್ತು, ಬಾಗಿಲು ಖಾಲಿ ಇರುತ್ತಿತ್ತು.

ನಾಲ್ಕನೆಯ ಸಂಜೆ ಭರಮಮ್ಮ ಚಹಾ ತಂದು ಕೊಡುತ್ತ, "ಗುಡ್ಡ ನೋಡ್ಬೇಕು ಅಂತಿದ್ದಿ. ಈಗ ಬಸ್ ನೋಡಾಕ ಹತ್ತೀಯಲ್ಲೋ" ಅಂದಳು. ಮೇಷ್ಟ್ರು ಚಹಾ ಬಿಸಿಯಿದೆಯೆಂಬ ನೆವದಲ್ಲಿ ಕಣ್ಣೊರೆಸಿಕೊಂಡರು.

ಆರನೆಯ ದಿನ ಮಧ್ಯಾಹ್ನ ಫೋನು ಬಂತು. ಕೇಳಬೇಕಾದ ಪ್ರಶ್ನೆಗಳನ್ನು ಮೇಷ್ಟ್ರು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರು. ಎತ್ತರ, ಉಷ್ಣಾಂಶ, ಹಿಮನದಿಯ ಹೆಸರು.

"ಊಟ ಆತಾ?" ಅಂದರು.

"ಆತ್ರಿ. ನಿಮ್ಮದು?"

"ಆತು. ಹಿಮ ನೋಡಿದ್ಯಾ?"

"ನೋಡ್ದೆ."

"ಹೆಂಗೈತಿ?"

"ಹೇಳಾಕ ಬರವಲ್ದುರಿ" ಅಂದಳು. "ನೀವು ಇರಬೇಕಿತ್ತು."

ಮೂರು ದಿನ ಬಿಟ್ಟು ರಾಮಾಂಜಿನಿ ಅವಳನ್ನು ದಾವಣಗೆರೆಯಿಂದ ಕರೆತಂದ. ಮೂಗಿನ ತುದಿ ಸುಟ್ಟು ಸಿಪ್ಪೆ ಎದ್ದಿತ್ತು, ಕೆನ್ನೆ ಒಡೆದಿತ್ತು, ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿದ್ದಳು. ಅವಳು ಮುಖ ತೊಳೆಯಲು ಹೋದಾಗ ಮೇಷ್ಟ್ರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ರೊಟ್ಟಿ, ಚಟ್ನಿ ಎಲ್ಲ ಮುಗಿದಿದ್ದರೂ ಚೀಲ ಭಾರವಿತ್ತು. ತಳಕ್ಕೆ ಕೈ ಹಾಕಿದರೆ ಉಣ್ಣೆಯ ಟೋಪಿಯಲ್ಲಿ ಸುತ್ತಿದ ಏನೋ ಗಟ್ಟಿ ಸಿಕ್ಕಿತು. ಹೊರತೆಗೆದರು. ಅರ್ಧ ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು. ಬೂದು ಬಣ್ಣ, ನಡುವೆ ಬಿಳಿಯ ಒಂದು ಗೆರೆ. ಎರಡು ಕಿಲೋಗೆ ಕಮ್ಮಿಯಿಲ್ಲ.

ರೇಣುಕಾ ಮುಖ ಒರೆಸಿಕೊಳ್ಳುತ್ತ ಬಂದಾಗ ಮೇಷ್ಟ್ರು ಕಲ್ಲನ್ನು ಎದೆಗೆ ಅವಚಿಕೊಂಡಿದ್ದರು. "ರೇಣುಕಾ, ನನಗೋಸ್ಕರ ಇಷ್ಟು ಭಾರ, ಅಷ್ಟು ದೂರ..." ಎಂದು ಶುರು ಮಾಡಿದರು.

"ಅಯ್ಯ, ಅದನ್ನ ನಾ ಎಲ್ಲಿ ಹಾಕ್ಕೊಂಡೀನ್ರಿ?" ಅಂದಳು ಅವಳು. "ನಮ್ಮ ಗುಂಪಿನಾಗ ನಾಗೇಂದ್ರಪ್ಪ ಅಂತ ಒಬ್ರು ಹಿರಿಯರಿದ್ರು. ನಾ ದಿನಾ ಎಲ್ಲರಿಗಿಂತ ಮುಂದ ಹೋಗ್ತೀನಿ ಅಂತ ಎರಡನೇ ದಿನ ತಮಾಷಿಗೆ ಚೀಲದ ತಳಕ್ಕ ಕಲ್ಲು ಇಟ್ಟುಬಿಟ್ಟಾರ. ನನಗ ಗೊತ್ತೇ ಆಗಲಿಲ್ಲ. ಕೊನೀ ದಿನ ಅವರಾ ನಾಚಿಕೊಂಡು ಹೇಳಿದ್ರು."

ಮೇಷ್ಟ್ರು ಕಲ್ಲು ನೋಡಿದರು. ಅದನ್ನು ಎದೆಯಿಂದ ತೊಡೆಗೆ ಇಳಿಸಿದರು. "ಕಲ್ಲು ಹೊತ್ಕೊಂಡೂ ನೀನಾ ಮುಂದಿದ್ಯೇನು?"

"ಹೂಂ."

"ಗೊತ್ತಾದ ಮ್ಯಾಲೆ ಅಲ್ಲೇ ಒಗದು ಬರಬೇಕಿಲ್ಲೇನು?"

"ಒಗೀಬೇಕು ಅಂತಾನ ಕೈಯಾಗ ಹಿಡದಿದ್ದೆ." ಅವಳು ಅವರ ಮಂಚದ ಅಂಚಿಗೆ ಕೂತಳು. "ಹಿಡದು ನೋಡಿದ್ನಿ. ನೀವು ಇದ್ದಿದ್ರ ಇದು ಯಾವ ಕಲ್ಲು, ಹೆಂಗ ಆತು, ಎಷ್ಟು ವರ್ಷದ್ದು ಅಂತ ಅರ್ಧ ತಾಸು ಹೇಳ್ತಿದ್ರಿ ಅನ್ನಿಸ್ತು. ಮನ್ಯಾಗ ಹೇಳಾಕ ಶುರು ಮಾಡಿದ್ರ ನಾ ಎದ್ದು ಹೋಗ್ತೀನಿ. ಅಲ್ಲಿ ಯಾಕೋ ಕೇಳಬೇಕು ಅನ್ನಿಸ್ತು. ಟೋಪಿಗೆ ಸುತ್ತಿ ಮತ್ತ ಚೀಲಕ್ಕ ಹಾಕ್ಕೊಂಡೆ." ಕಲ್ಲನ್ನು ಅವರ ಕೈಯಲ್ಲಿ ಸರಿಯಾಗಿ ಇಟ್ಟಳು. "ಈಗ ಹೇಳ್ರಿ. ಯಾವ ಕಲ್ಲು ಇದು?"

ಭರಮಮ್ಮ ಕೂಡ ಎಲೆ ಅಡಿಕೆಯ ಚೀಲ ಬದಿಗಿಟ್ಟು ಮಗನ ಮುಖ ನೋಡಿದಳು. ಮೇಷ್ಟ್ರು ಕನ್ನಡಕ ಏರಿಸಿದರು. ಕಲ್ಲನ್ನು ತಿರುಗಿಸಿದರು, ಉಗುರಿನಿಂದ ಕೆರೆದರು, ಬೆಳಕಿಗೆ ಹಿಡಿದರು. ಅಗ್ನಿಶಿಲೆ, ಪದರಶಿಲೆ, ರೂಪಾಂತರ ಶಿಲೆ. ಮೂರನ್ನೂ ಕಣ್ಣು ಮುಚ್ಚಿ ಬರೆಸಬಲ್ಲರು. ಕಲ್ಲು ಮಾತ್ರ ಯಾವುದಕ್ಕೂ ಒಪ್ಪಿದಂತೆ ಕಾಣಲಿಲ್ಲ. ಬಾಯಿಗೆ ಬಂದ ಒಂದು ಹೆಸರು ಹೇಳಿಬಿಡಬಹುದಿತ್ತು. ಒಂಬತ್ತನೆಯ ತರಗತಿಯಾಗಿದ್ದರೆ ಹೇಳಿಯೂ ಇರುತ್ತಿದ್ದರು.

"ಗೊತ್ತಿಲ್ಲ ರೇಣುಕಾ" ಅಂದರು.

ಅವಳು ಬಾಯಿಗೆ ಸೆರಗು ಹಿಡಿದಳು, ಭುಜ ಕುಲುಕಿದವು. ನಕ್ಕು ಸಾಕಾದ ಮೇಲೆ ಕಣ್ಣೊರೆಸಿಕೊಂಡು, "ಇರ್ಲಿ ಬಿಡ್ರಿ. ಅಲ್ಲಿಯವರಿಗೆ ಗೊತ್ತಿರ್ತೈತಿ" ಅಂದಳು. "ಮುಂದಿನ ವರ್ಷ ಇಬ್ರೂ ಹೋಗಿ ಕೇಳ್ಕೊಂಡು ಬರೋಣ. ಕಲ್ಲು ನಿಮ್ಮ ಚೀಲದಾಗ ಇರ್ಲಿ."